ಆಗೊಮ್ಮೆ ಈಗೊಮ್ಮೆ ಹ್ಯಾಂಗ್ ಆಗುವ ಗಿಟ್ ಸರ್ವರ್: ತಡೆ ಎಲ್ಲಿದೆ ಎಂದು ಹಿಡಿಯುವ ಸಮಗ್ರ ಮಾರ್ಗದರ್ಶಿ

ಒಂಬತ್ತು ಪುಶ್ (ಕೋಡ್ ಬದಲಾವಣೆಗಳನ್ನು ಗಿಟ್ ಸರ್ವರ್‌ಗೆ ಕಳಿಸುವುದು) ಎರಡೇ ಸೆಕೆಂಡಿನಲ್ಲಿ ಮುಗಿಯುತ್ತವೆ, ಹತ್ತನೆಯದು ಅಲ್ಲಾಡದೆ ಕೂರುತ್ತದೆ. ಕಂಟ್ರೋಲ್-ಸಿ ಒತ್ತಿ ಮತ್ತೆ ಕೊಟ್ಟರೆ ಏನೂ ಆಗದಂತೆ ಸರಾಗ. ಇಂಥ ದೂರು ಬಂದಾಗ ಹೆಚ್ಚಿನ ಕಡೆ ನಡೆಯುವುದು ಎರಡೇ ಕೆಲಸ: ಸರ್ವರ್ ರೀಸ್ಟಾರ್ಟ್ ಮಾಡುವುದು, ಇಲ್ಲವೇ ಎಚ್‌ಟಿಟಿಪಿ ಪೋಸ್ಟ್‌ಬಫರ್ (ಎಚ್‌ಟಿಟಿಪಿಯಲ್ಲಿ ಪುಶ್ ಮಾಡುವಾಗ ಕ್ಲೈಂಟ್ ಬಳಸುವ ಬಫರ್) ಹೆಚ್ಚಿಸುವುದು. ರೀಸ್ಟಾರ್ಟ್ ಮಾಡಿದ ಕ್ಷಣ ಸಾಕ್ಷಿಯೆಲ್ಲ ಅಳಿದುಹೋಗುತ್ತದೆ. ಪೋಸ್ಟ್‌ಬಫರ್ ಹೆಚ್ಚಿಸುವುದಂತೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅದರ ಡೀಫಾಲ್ಟ್ 1 ಎಂಬಿ. ಅದಕ್ಕಿಂತ ದೊಡ್ಡ ಪುಶ್ ಇದ್ದರೆ ಗಿಟ್ ತಾನಾಗಿಯೇ ತುಂಡು ತುಂಡಾಗಿ ಕಳಿಸುತ್ತದೆ. ಅದನ್ನು 500 ಎಂಬಿ ಮಾಡಿದರೆ ಕ್ಲೈಂಟ್‌ನ ಮೆಮೊರಿ ಖರ್ಚಾಗುತ್ತದೆ ಅಷ್ಟೇ.

ಇಲ್ಲಿ ಹೇಳುವ ಕ್ರಮದ ತಿರುಳು ಇಷ್ಟು: ಏನನ್ನೂ ಬದಲಾಯಿಸುವ ಮೊದಲು, ವಿನಂತಿ ಯಾವ ಪದರದಲ್ಲಿ ನಿಂತಿದೆ ಎಂದು ಹಿಡಿಯಿರಿ. ಎಷ್ಟು ಸೆಕೆಂಡು ನಿಂತಿತು, ನಿಲ್ಲುವ ಮುಂಚಿನ ಕೊನೆಯ ಸಾಲು ಯಾವುದು ಎಂಬ ಎರಡು ಸುಳಿವುಗಳೇ ಅರ್ಧ ಕೆಲಸ ಮುಗಿಸುತ್ತವೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದನ್ನು ಬಿಟ್ಟು ಎಂಟಕ್ಕೆ ಹಾರಿದರೆ ಡಿಸ್ಕ್ ಸರಿಪಡಿಸುತ್ತಾ ಕೂತಿರುತ್ತೀರಿ, ಅತ್ತ ತೊಂದರೆ ಡಿಎನ್ಎಸ್‌ನಲ್ಲಿ (ಹೆಸರಿನಿಂದ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ಇರುತ್ತದೆ.

ಆಜ್ಞೆಗಳು, ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಎಂದಿನ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

## ಕೈಯಲ್ಲಿ ಇರಬೇಕಾದವು

ಸರ್ವರ್ ಲಿನಕ್ಸ್ ಎಂದುಕೊಂಡು ಬರೆದಿದೆ. ರೂಟ್ ಅನುಮತಿ ಬೇಕೇ ಬೇಕು. ಅದಿಲ್ಲದೆ ಬೇರೆಯವರ ಪ್ರೊಸೆಸ್ ಒಳಗೆ ಇಣುಕಲಾಗದು. ಎಸ್‌ಟ್ರೇಸ್, ಟಿಸಿಪಿಡಂಪ್, ಎಸ್ಎಸ್, ಐಒಸ್ಟ್ಯಾಟ್ (ಇದು ಸಿಸ್‌ಸ್ಟ್ಯಾಟ್ ಪ್ಯಾಕೇಜಿನಲ್ಲಿದೆ) ಇವಿಷ್ಟನ್ನು ಈಗಲೇ ಇನ್‌ಸ್ಟಾಲ್ ಮಾಡಿಟ್ಟುಕೊಳ್ಳಿ. ಹ್ಯಾಂಗ್ ಆದಾಗ ಇನ್‌ಸ್ಟಾಲ್ ಮಾಡಲು ಹೊರಟರೆ, ಅದು ಮುಗಿಯುವಷ್ಟರಲ್ಲಿ ಹ್ಯಾಂಗ್ ಬಿಟ್ಟಿರುತ್ತದೆ.

ಸರ್ವರ್, ಪ್ರಾಕ್ಸಿ (ನಡುವೆ ನಿಂತು ವಿನಂತಿಗಳನ್ನು ದಾಟಿಸುವುದು), ಪರೀಕ್ಷೆಗೆ ಬಳಸುವ ಕ್ಲೈಂಟ್ ಮೂರರ ಗಡಿಯಾರವೂ ಎನ್‌ಟಿಪಿಯಿಂದ ಒಂದೇ ಸಮಯ ತೋರಿಸುತ್ತಿರಬೇಕು. ನಾಲ್ಕು ಸೆಕೆಂಡು ವ್ಯತ್ಯಾಸವಿದ್ದರೂ ಲಾಗ್‌ಗಳನ್ನು ಜೋಡಿಸಿ ನೋಡುವಾಗ ಕಾರಣವೂ ಪರಿಣಾಮವೂ ತಲೆಕೆಳಗಾಗುತ್ತವೆ.

## ಹಂತ 1: ಹ್ಯಾಂಗೋ, ನಿಧಾನವೋ ಬೇರೆ ಮಾಡಿ

ಬಳಕೆದಾರರು ಎರಡನ್ನೂ ‘ಹ್ಯಾಂಗ್’ ಎನ್ನುತ್ತಾರೆ. ನಿಧಾನ ಎಂದರೆ ಶೇಕಡಾವಾರು ಅಂಕಿ ಏರುತ್ತಿರುತ್ತದೆ, ಆದರೆ ತೆವಳುತ್ತದೆ. ಹ್ಯಾಂಗ್ ಎಂದರೆ ಒಂದು ಬೈಟ್ ಕೂಡ ಬರುವುದಿಲ್ಲ. ಮೊದಲನೆಯದಕ್ಕೆ ಸಾಮಾನ್ಯವಾಗಿ ಬ್ಯಾಂಡ್‌ವಿಡ್ತ್ ಅಥವಾ ಸಿಪಿಯು ಕಾರಣ. ಎರಡನೆಯದರಲ್ಲಿ ಯಾರೋ ಯಾರಿಗೋ ಕಾಯುತ್ತಿದ್ದಾರೆ. ನಮ್ಮ ಹುಡುಕಾಟ ಆ ಕಾಯುತ್ತಿರುವವರದು.

ದೂರು ಕೊಟ್ಟವರಿಂದ ನಾಲ್ಕು ಸಂಗತಿ ಬರೆಸಿಕೊಳ್ಳಿ: ನಿಖರ ಸಮಯ, ರೆಪೊ (ಕೋಡ್ ಭಂಡಾರ) ಹೆಸರು, ಎಸ್ಎಸ್ಎಚ್ ಅಥವಾ ಎಚ್‌ಟಿಟಿಪಿಎಸ್, ತೆರೆಯ ಮೇಲಿನ ಕೊನೆಯ ಸಾಲು. ‘ಬೆಳಿಗ್ಗೆ ಎರಡು ಮೂರು ಸಲ ಆಯ್ತು’ ಎಂಬ ಮಾಹಿತಿಯಿಂದ ಏನೂ ಮಾಡಲಾಗದು.

## ಹಂತ 2: ಕಾವಲುಗಾರನನ್ನು ಕೂರಿಸಿ

ಬೇಕೆಂದಾಗ ಬಾರದ ದೋಷವನ್ನು ಕಾದು ಹಿಡಿಯಬೇಕು. 30 ಸೆಕೆಂಡಿಗೊಮ್ಮೆ ‘ಗಿಟ್ ಎಲ್ಎಸ್-ರಿಮೋಟ್’ ಓಡಿಸಿ, ಶುರುವಾದ ಸಮಯ, ತೆಗೆದುಕೊಂಡ ಸೆಕೆಂಡು, ಎಕ್ಸಿಟ್ ಕೋಡ್ ಮೂರನ್ನೂ ಫೈಲಿಗೆ ಬರೆಯುವ ಹತ್ತು ಸಾಲಿನ ಸ್ಕ್ರಿಪ್ಟ್ ಸಾಕು. ‘ಟೈಮ್‌ಔಟ್ 180’ ಆಜ್ಞೆಯೊಳಗೆ ಅದನ್ನು ಸುತ್ತಿ, ಇಲ್ಲದಿದ್ದರೆ ಮೊದಲ ಹ್ಯಾಂಗ್‌ನಲ್ಲೇ ಕಾವಲುಗಾರನೂ ಸಿಕ್ಕಿಹಾಕಿಕೊಳ್ಳುತ್ತಾನೆ. ಮಿತಿಯನ್ನು 10 ಸೆಕೆಂಡಿಗೆ ಇಳಿಸಬೇಡಿ: ಎಷ್ಟು ಹೊತ್ತು ನಿಂತಿತು ಎಂಬ ಅಂಕಿಯೇ ಮುಂದಿನ ಹಂತಕ್ಕೆ ಬೇಕು.

ಇದನ್ನು ಒಂದೇ ಕಡೆಯಿಂದ ಓಡಿಸಿದರೆ ಉಪಯೋಗ ಕಡಿಮೆ. ನಾಲ್ಕು ಕಡೆಯಿಂದ ಓಡಿಸಿ:

1. ಸರ್ವರ್ ಮೇಲೆಯೇ, ಗಿಟ್ ಬಳಕೆದಾರನಾಗಿ, ರೆಪೊದ ಡೈರೆಕ್ಟರಿ ಹಾದಿಯನ್ನೇ ಕೊಟ್ಟು. ಇಲ್ಲಿ ನೆಟ್‌ವರ್ಕೂ ಇಲ್ಲ, ಲಾಗಿನ್ನೂ ಇಲ್ಲ.
2. ಸರ್ವರ್ ಮೇಲೆಯೇ, ಲೋಕಲ್‌ಹೋಸ್ಟ್ ಮೂಲಕ ಎಸ್ಎಸ್ಎಚ್ ಅಥವಾ ಎಚ್‌ಟಿಟಿಪಿಯಲ್ಲಿ.
3. ಅದೇ ನೆಟ್‌ವರ್ಕಿನ ಇನ್ನೊಂದು ಯಂತ್ರದಿಂದ, ಪ್ರಾಕ್ಸಿಯನ್ನು ಬದಿಗಿಟ್ಟು.
4. ಬಳಕೆದಾರರು ಬರುವ ಹಾದಿಯಲ್ಲೇ, ಪ್ರಾಕ್ಸಿ, ಫೈರ್‌ವಾಲ್ ಎಲ್ಲವನ್ನೂ ದಾಟಿ.

ಒಂದನೆಯದೇ ನಿಂತರೆ ತೊಂದರೆ ಡಿಸ್ಕಿನಲ್ಲಿ ಅಥವಾ ರೆಪೊದಲ್ಲಿ. ಒಂದು ಸರಿಯಿದ್ದು ಎರಡು ನಿಂತರೆ ಎಸ್ಎಸ್ಎಚ್ ಡೀಮನ್, ವೆಬ್ ಸರ್ವರ್ ಅಥವಾ ಲಾಗಿನ್ ಪರಿಶೀಲನೆ. ಎರಡರವರೆಗೆ ಸರಿಯಿದ್ದು ಮೂರು ನಿಂತರೆ ನೆಟ್‌ವರ್ಕ್. ನಾಲ್ಕು ಮಾತ್ರ ನಿಂತರೆ ಪ್ರಾಕ್ಸಿ ಅಥವಾ ಫೈರ್‌ವಾಲ್.

ಒಂದು ಎಚ್ಚರಿಕೆ: ಎಲ್ಎಸ್-ರಿಮೋಟ್ ರೆಫ್‌ಗಳ (ಬ್ರಾಂಚ್, ಟ್ಯಾಗ್ ಹೆಸರುಗಳ) ಪಟ್ಟಿಯನ್ನಷ್ಟೇ ಕೇಳುತ್ತದೆ. ಅದು ಸದಾ ಸರಿಯಿದ್ದು ಕ್ಲೋನ್ (ಇಡೀ ರೆಪೊ ಇಳಿಸಿಕೊಳ್ಳುವುದು) ಅಥವಾ ಪುಶ್ ಮಾತ್ರ ನಿಲ್ಲುತ್ತಿದ್ದರೆ, ಸಣ್ಣ ಪರೀಕ್ಷಾ ರೆಪೊ ಒಂದನ್ನು ಮಾಡಿ ಅದಕ್ಕೆ ಖಾಲಿ ಕಮಿಟ್ ಪುಶ್ ಮಾಡುವ ಎರಡನೆಯ ಸ್ಕ್ರಿಪ್ಟ್ ಸೇರಿಸಿ. ಹುಕ್‌ಗಳಿಂದ (ಪುಶ್ ಬಂದಾಗ ಸರ್ವರ್ ತಾನಾಗಿ ಓಡಿಸುವ ಸ್ಕ್ರಿಪ್ಟ್‌ಗಳು) ಆಗುವ ಹ್ಯಾಂಗ್ ಸಿಗುವುದು ಇದರಲ್ಲೇ. ನಿಜವಾದ ರೆಪೊಗಳಲ್ಲಿ ಇರುವ ಹುಕ್‌ಗಳೇ ಈ ಪರೀಕ್ಷಾ ರೆಪೊದಲ್ಲೂ ಇರಲಿ.

## ಹಂತ 3: ಸೆಕೆಂಡುಗಳನ್ನು ಓದಿ

ಕಾವಲುಗಾರನ ಫೈಲಿನಲ್ಲಿ ಒಂದೇ ಅಂಕಿ ಮತ್ತೆ ಮತ್ತೆ ಕಾಣಿಸಿದರೆ ಅದು ಯಾವುದೋ ಟೈಮ್‌ಔಟಿನ ಸಹಿ. ಹೊರೆಯಿಂದಾಗುವ ತಡ 4, 11, 23 ಎಂದು ಚದುರಿರುತ್ತದೆ. ಟೈಮ್‌ಔಟಿನಿಂದಾಗುವ ತಡ ಅಚ್ಚು ಹೊಡೆದಂತೆ ಒಂದೇ ಇರುತ್ತದೆ.

ಸರಿಯಾಗಿ 5 ಅಥವಾ 10 ಸೆಕೆಂಡಿನ ಮೇಲೆ ಚೂರು: ಡಿಎನ್ಎಸ್. ಲಿನಕ್ಸ್‌ನ ರಿಸಾಲ್ವರ್ ಒಂದು ಸರ್ವರ್ ಉತ್ತರಿಸದಿದ್ದರೆ 5 ಸೆಕೆಂಡು ಕಾದು ಮುಂದಿನದಕ್ಕೆ ಹೋಗುತ್ತದೆ. ರಿಸಾಲ್ವ್ ಕಾನ್ಫ್ ಫೈಲಿನ ಮೊದಲ ನೇಮ್‌ಸರ್ವರ್ ಆಗಾಗ ಉತ್ತರ ಕೊಡುತ್ತಿಲ್ಲ ಎಂದರ್ಥ. ಐಪಿವಿ4, ಐಪಿವಿ6 ವಿಳಾಸಗಳ ಎರಡು ಪ್ರಶ್ನೆ ಒಂದೇ ಸಾಕೆಟ್‌ನಿಂದ ಹೋದಾಗ ಅದರಲ್ಲೊಂದು ಫೈರ್‌ವಾಲ್ ಅಥವಾ ನ್ಯಾಟ್‌ನಲ್ಲಿ ಕಳೆದುಹೋದರೂ ಇದೇ 5 ಸೆಕೆಂಡು. ಆಗ ‘ಸಿಂಗಲ್-ರಿಕ್ವೆಸ್ಟ್-ರೀಓಪನ್’ ಆಯ್ಕೆ ಹಾಕಿ ನೋಡಿ.

1, 3, 7 ಸೆಕೆಂಡು: ಟಿಸಿಪಿಯ ಮೊದಲ ಪ್ಯಾಕೆಟ್ ಬಿದ್ದುಹೋಗಿ ಮತ್ತೆ ಕಳಿಸಿದ್ದು. ಮೊದಲ ಮರುಪ್ರಯತ್ನ 1 ಸೆಕೆಂಡಿಗೆ, ಆಮೇಲೆ 2, ಆಮೇಲೆ 4. ಕೂಡಿದರೆ ಈ ಅಂಕಿಗಳು. ತೀರಾ ಹೊಸ ಕರ್ನಲ್‌ಗಳಲ್ಲಿ ಮೊದಲ ಕೆಲವು ಮರುಪ್ರಯತ್ನ ಸೆಕೆಂಡಿಗೊಂದರಂತೆ ನಡೆಯುವುದರಿಂದ 1, 2, 3 ಎಂದೂ ಕಾಣಬಹುದು.

25 ಸೆಕೆಂಡು, ಅದೂ ಎಸ್ಎಸ್ಎಚ್ ಲಾಗಿನ್ ಆದ ಮೇಲೆ: ಪ್ಯಾಮ್ (ಲಿನಕ್ಸ್‌ನ ಲಾಗಿನ್ ಪದರ) ಮೂಲಕ ಸಿಸ್ಟಮ್‌ಡಿ-ಲಾಗಿನ್‌ಡಿಗೆ ಸೆಷನ್ ಕೇಳಿ, ಡಿ-ಬಸ್ (ಪ್ರೊಸೆಸ್‌ಗಳ ನಡುವೆ ಸಂದೇಶ ಸಾಗಿಸುವ ಸೇವೆ) ಉತ್ತರ ಬಾರದೆ ಕೈಬಿಟ್ಟದ್ದು. ಸರ್ವರ್ ಲಾಗಿನಲ್ಲಿ ‘ಫೇಲ್ಡ್ ಟು ಕ್ರಿಯೇಟ್ ಸೆಷನ್’ ಎಂಬ ಸಾಲು ಹುಡುಕಿ. ಸಾಮಾನ್ಯವಾಗಿ ಡಿ-ಬಸ್ ರೀಸ್ಟಾರ್ಟ್ ಆಗಿ ಲಾಗಿನ್‌ಡಿ ಹಾಗೇ ಉಳಿದಾಗ ಹೀಗಾಗುತ್ತದೆ. ಲಾಗಿನ್‌ಡಿಯನ್ನು ರೀಸ್ಟಾರ್ಟ್ ಮಾಡಿದರೆ ಸಾಕು.

60 ಸೆಕೆಂಡು: ಎಂಜಿನ್‌ಎಕ್ಸ್‌ನ (ಪ್ರಾಕ್ಸಿಯಾಗಿಯೂ ಬಳಸುವ ವೆಬ್ ಸರ್ವರ್) ಪ್ರಾಕ್ಸಿ ರೀಡ್ ಟೈಮ್‌ಔಟ್, ಫಾಸ್ಟ್‌ಸಿಜಿಐ ರೀಡ್ ಟೈಮ್‌ಔಟ್ ಎರಡರ ಡೀಫಾಲ್ಟೂ ಇದೇ. ಕೊನೆಯಲ್ಲಿ 504 (ಗೇಟ್‌ವೇ ಟೈಮ್‌ಔಟ್ ದೋಷ) ಬಂದರೆ ಅನುಮಾನವೇ ಬೇಡ. 120 ಸೆಕೆಂಡು: ಎಸ್ಎಸ್ಎಚ್ ಡೀಮನ್‌ನ ಲಾಗಿನ್ ಗ್ರೇಸ್ ಟೈಮ್, ಅಂದರೆ ಲಾಗಿನ್ನೇ ಮುಗಿದಿಲ್ಲ. ಸುಮಾರು 127 ಸೆಕೆಂಡಿಗೆ ‘ಕನೆಕ್ಷನ್ ಟೈಮ್ಡ್ ಔಟ್’ ಬಂದರೆ ಟಿಸಿಪಿ ಆರೂ ಮರುಪ್ರಯತ್ನ ಮಾಡಿ ಸೋತಿದೆ.

ಸೆಕೆಂಡಿನ ಜತೆಗೆ ಗಂಟೆಯನ್ನೂ ನೋಡಿ. ಹ್ಯಾಂಗ್‌ಗಳು ಪ್ರತಿ ಗಂಟೆಯ ಸೊನ್ನೆ ನಿಮಿಷಕ್ಕೇ ಗುಂಪುಗೂಡಿದ್ದರೆ ಯಾವುದೋ ಕ್ರಾನ್ (ನಿಗದಿತ ಸಮಯಕ್ಕೆ ತಾನೇ ಓಡುವ) ಕೆಲಸ ಅಥವಾ ಬಿಲ್ಡ್ ಯಂತ್ರಗಳೆಲ್ಲ ಒಟ್ಟಿಗೆ ಫೆಚ್‌ಗೆ (ಹೊಸ ಬದಲಾವಣೆ ತರಿಸಿಕೊಳ್ಳಲು) ಇಳಿಯುವುದೇ ಕಾರಣ.

## ಹಂತ 4: ಕ್ಲೈಂಟ್‌ನ ಕೊನೆಯ ಸಾಲು

ಎಸ್ಎಸ್ಎಚ್ ಆದರೆ ‘ಗಿಟ್_ಎಸ್ಎಸ್ಎಚ್_ಕಮಾಂಡ್’ ವೇರಿಯಬಲ್‌ಗೆ ‘ಎಸ್ಎಸ್ಎಚ್ -ವಿವಿವಿ’ ಎಂದು ಕೊಡಿ. ಎಚ್‌ಟಿಟಿಪಿ ಆದರೆ ‘ಗಿಟ್_ಟ್ರೇಸ್_ಕರ್ಲ್’ ಅನ್ನು 1 ಮಾಡಿ. ಎರಡಕ್ಕೂ ‘ಗಿಟ್_ಟ್ರೇಸ್_ಪ್ಯಾಕೆಟ್’ ಅನ್ನು 1 ಮಾಡಿ. ಈ ಲಾಗನ್ನು ಹಂಚುವ ಮೊದಲು ಒಮ್ಮೆ ಕಣ್ಣಾಡಿಸಿ, ಟೋಕನ್ ಅಥವಾ ಕುಕಿ ಒಳಗಿದ್ದರೆ ಅಳಿಸಿ.

ಎಸ್ಎಸ್ಎಚ್‌ನಲ್ಲಿ ಎಲ್ಲಿ ನಿಂತಿತು ಎಂಬುದು ಹೀಗೆ ಮಾತಾಡುತ್ತದೆ. ‘ಕನೆಕ್ಟಿಂಗ್ ಟು’ ಎಂಬಲ್ಲೇ ನಿಂತರೆ ಪ್ಯಾಕೆಟ್ ತಲುಪಿಲ್ಲ. ಜತೆಯಲ್ಲಿರುವ ವಿಳಾಸ ಐಪಿವಿ6 ಆಗಿದ್ದರೆ ‘ಎಸ್ಎಸ್ಎಚ್ -4’ ಎಂದು ಕೊಟ್ಟು ನೋಡಿ. ಓಪನ್‌ಎಸ್ಎಸ್ಎಚ್ ವಿಳಾಸಗಳನ್ನು ಒಂದಾದ ಮೇಲೊಂದರಂತೆ ಪ್ರಯತ್ನಿಸುತ್ತದೆ. ಮೊದಲನೆಯದು ಸತ್ತಿದ್ದರೆ ಅದು ಸೋಲುವವರೆಗೆ ಎರಡನೆಯದರ ಸರದಿ ಬರುವುದಿಲ್ಲ. ಬ್ರೌಸರಿನಲ್ಲಿ ಸರಿ, ಎಸ್ಎಸ್ಎಚ್‌ನಲ್ಲಿ ಮಾತ್ರ ತಡ ಎಂಬ ಒಗಟಿನ ಉತ್ತರ ಹೆಚ್ಚಾಗಿ ಇಲ್ಲಿದೆ.

‘ಎಕ್ಸ್‌ಪೆಕ್ಟಿಂಗ್ ... ಕೆಇಎಕ್ಸ್ ... ರಿಪ್ಲೈ’ ಎಂಬ ಸಾಲಿನಲ್ಲಿ ನಿಂತರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ತೊಂದರೆ ಎಂದು ಮೊದಲು ಶಂಕಿಸಿ. ಚಿಕ್ಕ ಪ್ಯಾಕೆಟ್ ದಾಟುತ್ತಿದೆ, ಕೀ ಹೊತ್ತ ದೊಡ್ಡ ಪ್ಯಾಕೆಟ್ ದಾರಿಯಲ್ಲೆಲ್ಲೋ ಸದ್ದಿಲ್ಲದೆ ಬೀಳುತ್ತಿದೆ. ‘ಪಿಂಗ್ -ಎಂ ಡು -ಎಸ್ 1472’ (ಎಂ ದೊಡ್ಡಕ್ಷರ) ಕೊಟ್ಟು ಪರೀಕ್ಷಿಸಿ: 1472ಕ್ಕೆ 28 ಬೈಟ್ ಹೆಡರ್ ಸೇರಿ 1500 ಆಗುತ್ತದೆ. ಅದು ಹೋಗದೆ 1372 ಹೋದರೆ ನಡುವೆ ವಿಪಿಎನ್ ಅಥವಾ ಟನೆಲ್ ಇದೆ. ಅಲ್ಲಿನ ರೌಟರ್‌ನಲ್ಲಿ ಎಂಎಸ್ಎಸ್ ಕ್ಲ್ಯಾಂಪ್ (ಟಿಸಿಪಿ ತುಣುಕಿನ ಗಾತ್ರಕ್ಕೆ ಮಿತಿ) ಮಾಡಿಸುವುದು ಸರಿಯಾದ ಮದ್ದು. ಕ್ಲೈಂಟ್ ಎಂಟಿಯು ಇಳಿಸಿದರೆ ಆ ಒಬ್ಬರಿಗೆ ಮಾತ್ರ ಪರಿಹಾರ.

‘ಆಫರಿಂಗ್ ಪಬ್ಲಿಕ್ ಕೀ’ ಆದ ಮೇಲೆ ನಿಂತರೆ ಹಂತ 6ಕ್ಕೆ ಹೋಗಿ. ‘ಸೆಂಡಿಂಗ್ ಕಮಾಂಡ್’ ದಾಟಿ ನಿಂತರೆ ನೆಟ್‌ವರ್ಕ್, ಲಾಗಿನ್ ಎರಡೂ ನಿರಪರಾಧಿಗಳು. ಹಂತ 7ಕ್ಕೆ ಹೋಗಿ.

## ಹಂತ 5: ಹೊಸ್ತಿಲಲ್ಲೇ ಸರದಿ ನಿಂತಿದೆಯೇ?

ಸರ್ವರ್ ಮೇಲೆ ‘ಎಸ್ಎಸ್ -ಎಲ್ಎನ್‌ಟಿ’ ಕೊಡಿ. ಕೇಳುತ್ತಿರುವ ಪೋರ್ಟ್‌ಗಳ ಸಾಲಿನಲ್ಲಿ ರಿಸೀವ್-ಕ್ಯೂ ಎಂದರೆ ಬಾಗಿಲಲ್ಲಿ ಕಾಯುತ್ತಿರುವ ಸಂಪರ್ಕಗಳು, ಸೆಂಡ್-ಕ್ಯೂ ಎಂದರೆ ಎಷ್ಟು ಜನ ಕಾಯಬಹುದು ಎಂಬ ಮಿತಿ. ಆರೋಗ್ಯವಂತ ಸರ್ವರ್‌ನಲ್ಲಿ ಮೊದಲನೆಯದು ಸದಾ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. 129, 128 ಎಂಬ ಜೋಡಿ ಕಂಡರೆ ಸರದಿ ತುಂಬಿ ತುಳುಕಿದೆ, ಹೊಸಬರ ಪ್ಯಾಕೆಟ್ ಬೀಳುತ್ತಿದೆ. ಹಂತ 3ರ 1, 3, 7 ಸೆಕೆಂಡು ಹುಟ್ಟುವುದೇ ಹೀಗೆ. ‘ಎನ್‌ಸ್ಟ್ಯಾಟ್ -ಎಝಡ್’ನಲ್ಲಿ ಲಿಸನ್ ಓವರ್‌ಫ್ಲೋಸ್ ಅಂಕಿ ಏರುತ್ತಿದ್ದರೆ ಖಚಿತ.

ಇಲ್ಲಿ ಮಾಡುವ ತಪ್ಪು: ಸೋಮ್ಯಾಕ್ಸ್‌ಕಾನ್ (ಸರದಿಯ ಉದ್ದಕ್ಕೆ ಕರ್ನಲ್ ಇಡುವ ಮಿತಿ) ಏರಿಸಿ ಸುಮ್ಮನಾಗುವುದು. ಕರ್ನಲ್ 5.4ರಿಂದ ಅದರ ಡೀಫಾಲ್ಟ್ 4096, ಮುಂಚೆ 128. ಏರಿಸಿದರೆ ಸರದಿ ಉದ್ದವಾಗುತ್ತದೆ, ಒಳಗಿನ ಕೌಂಟರ್ ಹೆಚ್ಚುವುದಿಲ್ಲ. ಒಳಗೆ ಯಾರು ಜಾಗ ಹಿಡಿದು ಕೂತಿದ್ದಾರೆ ಎಂದು ನೋಡಬೇಕು.

ಎಂಜಿನ್‌ಎಕ್ಸ್ ಹಿಂದೆ ಎಫ್‌ಸಿಜಿಐರ‍್ಯಾಪ್ (ವೆಬ್ ವಿನಂತಿಗೆ ಗಿಟ್ ಪ್ರೋಗ್ರಾಂ ಓಡಿಸಿಕೊಡುವ ಸಾಧನ) ಇಟ್ಟವರು ಇದನ್ನು ಇಂದೇ ಪರೀಕ್ಷಿಸಿ. ಅದರ ಡೀಫಾಲ್ಟ್ ಪ್ರೊಸೆಸ್ ಸಂಖ್ಯೆ 1, ಒಂದು ಪ್ರೊಸೆಸ್ ಒಮ್ಮೆಗೆ ಒಂದೇ ವಿನಂತಿ ನೋಡುತ್ತದೆ. ಅಂದರೆ ಒಬ್ಬರು 2 ಜಿಬಿ ರೆಪೊ ಕ್ಲೋನ್ ಮಾಡುತ್ತಿರುವಷ್ಟು ಹೊತ್ತೂ ಉಳಿದವರೆಲ್ಲ ಹ್ಯಾಂಗ್. ಕ್ಲೋನ್ ಮುಗಿದ ಕ್ಷಣ ಎಲ್ಲ ಸರಿ. ‘ಯಾವಾಗಲೋ ಒಮ್ಮೆ’ ಆಗುವ ಹ್ಯಾಂಗ್‌ಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಇಲ್ಲ. ‘-ಸಿ’ ಆಯ್ಕೆಯಿಂದ ಸಂಖ್ಯೆ ಹೆಚ್ಚಿಸಿ. ಕೋರ್‌ಗಳ ಎರಡರಷ್ಟರಿಂದ ಶುರು ಮಾಡಬಹುದು. ಗಿಟ್ ಡೀಮನ್‌ಗೆ ಒಮ್ಮೆಗೆ 32 ಸಂಪರ್ಕ ಮಿತಿ. ಅಪಾಚೆಯಲ್ಲಿ ಮಾಡ್-ಸ್ಟೇಟಸ್ ತೆರೆದು ಎಲ್ಲ ಚೌಕವೂ ‘ಡಬ್ಲ್ಯೂ’ ಆಗಿದೆಯೇ ನೋಡಿ.

ಎಸ್ಎಸ್ಎಚ್‌ನಲ್ಲಿ ಮ್ಯಾಕ್ಸ್‌ಸ್ಟಾರ್ಟಪ್ಸ್ ಡೀಫಾಲ್ಟ್ 10:30:100. ಲಾಗಿನ್ ಮುಗಿಯದ ಸಂಪರ್ಕ 10 ಆದೊಡನೆ ಹೊಸಬರಲ್ಲಿ ಶೇ 30ರಷ್ಟನ್ನು ಬೇಕಾಬಿಟ್ಟಿ ತಳ್ಳಲು ಶುರು, 100ಕ್ಕೆ ಪೂರ್ತಿ ಬಂದ್. ಕೈಯಿಂದ ಓಡಿಸಿದರೆ ‘ಕನೆಕ್ಷನ್ ಕ್ಲೋಸ್ಡ್’ ಎಂದು ದೋಷ ಕಾಣುತ್ತದೆ. ಬಿಲ್ಡ್ ವ್ಯವಸ್ಥೆಯಲ್ಲಾದರೆ ಅದು ಮೂಕವಾಗಿ ಮರುಪ್ರಯತ್ನ ಮಾಡುವುದರಿಂದ ಹ್ಯಾಂಗ್‌ನಂತೆ ತೋರುತ್ತದೆ.

ಪ್ರಾಕ್ಸಿಯ ಬಫರಿಂಗ್ ಬಗ್ಗೆ ಒಂದು ಸೂಕ್ಷ್ಮ. ಗಿಟ್‌ನ ಅಪ್‌ಲೋಡ್-ಪ್ಯಾಕ್ (ಕ್ಲೋನ್, ಫೆಚ್‌ಗೆ ಉತ್ತರಿಸುವ ಪ್ರೋಗ್ರಾಂ) ಪ್ಯಾಕ್ (ಆಬ್ಜೆಕ್ಟ್‌ಗಳನ್ನು ಒಟ್ಟಿಗೆ ಕಟ್ಟಿದ ಫೈಲ್) ಸಿದ್ಧಪಡಿಸುವಾಗ ಹೇಳಲು ಏನೂ ಇಲ್ಲದಿದ್ದರೆ 5 ಸೆಕೆಂಡಿಗೊಮ್ಮೆ ‘ಬದುಕಿದ್ದೇನೆ’ ಎಂಬ ಖಾಲಿ ಪ್ಯಾಕೆಟ್ ಕಳಿಸುತ್ತದೆ. ಎಂಜಿನ್‌ಎಕ್ಸ್ ಬಫರಿಂಗ್ ಚಾಲೂ ಇದ್ದರೆ ಆ ಪ್ಯಾಕೆಟ್ಟನ್ನು ಜೇಬಿಗೆ ಹಾಕಿಕೊಂಡು ಕೂರಬಹುದು; ಹೊರಗಿನ ಲೋಡ್ ಬ್ಯಾಲೆನ್ಸರ್‌ಗೆ ಮೌನವೇ ಕೇಳಿಸಿ ಅದು ಸಂಪರ್ಕ ಕತ್ತರಿಸುತ್ತದೆ. ಗಿಟ್ ಹಾದಿಗೆ ಮಾತ್ರ ಬಫರಿಂಗ್ ಆಫ್ ಮಾಡಿ. ರಿಕ್ವೆಸ್ಟ್ ಬಫರಿಂಗ್ ಕೂಡ ಆಫ್ ಮಾಡಿ, ಇಲ್ಲದಿದ್ದರೆ ಇಡೀ ಪುಶ್ ಮೊದಲು ಪ್ರಾಕ್ಸಿಯ ತಾತ್ಕಾಲಿಕ ಫೈಲಿಗೆ ಹೋಗಿ ಆಮೇಲೆ ಗಿಟ್‌ಗೆ ಸಿಗುತ್ತದೆ. ಬಳಕೆದಾರರಿಗೆ ‘ರೈಟಿಂಗ್ ಆಬ್ಜೆಕ್ಟ್ಸ್ ಶೇ 100’ ಎಂದು ತೋರಿಸಿ ಅಲ್ಲೇ ನಿಂತಂತೆ ಕಾಣುತ್ತದೆ.

## ಹಂತ 6: ಲಾಗಿನ್ ಪರಿಶೀಲನೆ

ಎಲ್‌ಡ್ಯಾಪ್ ಅಥವಾ ಇನ್ನಾವುದೇ ಕೇಂದ್ರ ಲಾಗಿನ್ ಇದ್ದರೆ ಅದರ ಹೆಸರು ಎಷ್ಟು ವಿಳಾಸಗಳಿಗೆ ತೆರೆಯುತ್ತದೆ ಎಂದು ‘ಡಿಗ್’ ಮಾಡಿ ನೋಡಿ. ಮೂರು ವಿಳಾಸದಲ್ಲಿ ಒಂದು ಸತ್ತಿದ್ದರೆ ಮೂರರಲ್ಲೊಂದು ಲಾಗಿನ್ ನಿಲ್ಲುತ್ತದೆ. ಹೆಸರಿನ ಬದಲು ಒಂದೊಂದೇ ಐಪಿ ವಿಳಾಸ ಕೊಟ್ಟು ‘ಎಲ್‌ಡ್ಯಾಪ್‌ಸರ್ಚ್’ ಓಡಿಸಿದರೆ ಕಳ್ಳ ಐದು ನಿಮಿಷದಲ್ಲಿ ಸಿಗುತ್ತಾನೆ. ಹೆಸರಿನಿಂದಲೇ ಹತ್ತು ಸಲ ಓಡಿಸಿ ‘ಸರಿಯಿದೆ’ ಎಂದು ಕೈತೊಳೆದುಕೊಳ್ಳುವುದು ಇಲ್ಲಿನ ಮಾಮೂಲಿ ತಪ್ಪು.

ಎಸ್ಎಸ್ಎಚ್ ಡೀಮನ್‌ನ ಯೂಸ್‌ಡಿಎನ್ಎಸ್ (ಬಂದವರ ವಿಳಾಸದಿಂದ ಹೆಸರು ಹುಡುಕುವ ಆಯ್ಕೆ) ಹೊಸ ಆವೃತ್ತಿಗಳಲ್ಲಿ ಡೀಫಾಲ್ಟ್ ‘ನೋ’. ಹಳೆಯ ಸಂರಚನಾ ಫೈಲನ್ನು ಹೊತ್ತು ತಂದ ಸರ್ವರ್‌ಗಳಲ್ಲಿ ‘ಯೆಸ್’ ಉಳಿದಿರಬಹುದು, ತೆಗೆಯಿರಿ. ಜಿಎಸ್ಎಸ್ಎಪಿಐ (ಕೆರ್ಬೆರಾಸ್ ಮಾದರಿಯ ಲಾಗಿನ್) ಬಳಸದಿದ್ದರೆ ಅದನ್ನೂ ಮುಚ್ಚಿ.

## ಹಂತ 7: ನಿಂತಿರುವ ಪ್ರೊಸೆಸ್ಸನ್ನೇ ಕೇಳಿ

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ, ಎಲ್ಲರೂ ಬಿಟ್ಟುಬಿಡುವ ಹಂತ ಇದು. ಹ್ಯಾಂಗ್ ನಡೆಯುತ್ತಿರುವಾಗಲೇ ಮಾಡಬೇಕು. ಕಾವಲುಗಾರ 15 ಸೆಕೆಂಡು ದಾಟಿದ ಕೂಡಲೇ ಕೆಳಗಿನದನ್ನು ತಾನೇ ಓಡಿಸಿ ಫೈಲಿಗೆ ಹಾಕುವಂತೆ ಬರೆದಿಟ್ಟರೆ ರಾತ್ರಿ ಎದ್ದು ಕೂರಬೇಕಿಲ್ಲ.

‘ಪಿಎಸ್ -ಇಒ’ ಜತೆಗೆ ಪಿಐಡಿ, ಪಿಪಿಐಡಿ, ಸ್ಟ್ಯಾಟ್, ಡಬ್ಲ್ಯೂಚಾನ್, ಇಟೈಮ್, ಆರ್ಗ್ಸ್ ಕಾಲಂಗಳನ್ನು ಕೇಳಿ. ಸಿಕ್ಕ ಪಟ್ಟಿಯಲ್ಲಿ ಗಿಟ್ ಪ್ರೊಸೆಸ್‌ಗಳನ್ನು ಹುಡುಕಿ, ಇಟೈಮ್ (ಶುರುವಾಗಿ ಕಳೆದ ಸಮಯ) ಅಸಹಜವಾಗಿ ಉದ್ದ ಇರುವುದನ್ನು ಆರಿಸಿ. ಅದರ ಡಬ್ಲ್ಯೂಚಾನ್ ಕಾಲಂ ಕರ್ನಲ್‌ನ ಯಾವ ಫಂಕ್ಷನ್‌ನಲ್ಲಿ ಮಲಗಿದೆ ಎಂದು ಹೇಳುತ್ತದೆ.

‘ಡು_ವೇಟ್’ ಎಂದಿದ್ದರೆ ಅದು ತನ್ನ ಮಗುವಿಗೆ (ತಾನು ಹುಟ್ಟಿಸಿದ ಪ್ರೊಸೆಸ್‌ಗೆ) ಕಾಯುತ್ತಿದೆ. ಮಗುವನ್ನು ಹುಡುಕಿ ಅದನ್ನು ನೋಡಿ. ರಿಸೀವ್-ಪ್ಯಾಕ್ (ಪುಶ್ ಪಡೆಯುವ ಪ್ರೋಗ್ರಾಂ) ಹೀಗಿದ್ದರೆ ಮಗು ಹೆಚ್ಚಾಗಿ ಒಂದು ಹುಕ್. ‘ಪೈಪ್_ರೈಟ್’ ಎಂದಿದ್ದರೆ ಬರೆದದ್ದನ್ನು ಮುಂದಿನವರು ಓದುತ್ತಿಲ್ಲ: ಕ್ಲೈಂಟ್ ಅಥವಾ ಪ್ರಾಕ್ಸಿ ನಿಧಾನ, ಸರ್ವರ್‌ನದು ತಪ್ಪಿಲ್ಲ. ಹೆಸರಿನಲ್ಲಿ ‘ಆರ್‌ಪಿಸಿ’ ಅಥವಾ ‘ಎನ್ಎಫ್ಎಸ್’ ಇದ್ದು ಸ್ಟ್ಯಾಟ್ ಕಾಲಂನಲ್ಲಿ ‘ಡಿ’ ಇದ್ದರೆ ನೆಟ್‌ವರ್ಕ್ ಡಿಸ್ಕ್ ಕೈಕೊಟ್ಟಿದೆ.

ಸಾಲದಿದ್ದರೆ ‘ಎಸ್‌ಟ್ರೇಸ್ -ಎಫ್ -ಟಿಟಿ -ಟಿ -ಪಿ’ (ಒಂಟಿ ಟಿ ದೊಡ್ಡಕ್ಷರ) ಕೊಟ್ಟು ಪಿಐಡಿ ಸೇರಿಸಿ. ನಿಂತ ಪ್ರೊಸೆಸ್‌ನಲ್ಲಿ ಒಂದೇ ಒಂದು ಅಪೂರ್ಣ ಸಾಲು ಬರುತ್ತದೆ. ಉದಾಹರಣೆಗೆ ‘ಕನೆಕ್ಟ್’ ಕರೆ, ಪೋರ್ಟ್ 389 ಎಂದಿದ್ದರೆ ಎಲ್‌ಡ್ಯಾಪ್. ‘ರೀಡ್’ ಕರೆಯಾಗಿ ಮೊದಲ ಸಂಖ್ಯೆ 7 ಎಂದಿದ್ದರೆ, ಪ್ರಾಕ್ ಡೈರೆಕ್ಟರಿಯಲ್ಲಿ ಆ ಪಿಐಡಿಯ ‘ಎಫ್‌ಡಿ’ ಒಳಗೆ 7 ಯಾವುದಕ್ಕೆ ತೋರಿಸುತ್ತದೆ ನೋಡಿ: ಪೈಪೋ, ಸಾಕೆಟ್ಟೋ, ಫೈಲೋ. ಸಾಕೆಟ್ ಆದರೆ ಅದರ ಸಂಖ್ಯೆಯನ್ನು ‘ಎಸ್ಎಸ್ -ಟಿಎನ್‌ಪಿಇ’ ಪಟ್ಟಿಯಲ್ಲಿ ಹುಡುಕಿದರೆ ಆ ಕಡೆಯ ವಿಳಾಸ ಸಿಗುತ್ತದೆ. ತುಂಬ ಹೊರೆಯಿರುವ ಪ್ರೊಸೆಸ್‌ಗೆ ಎಸ್‌ಟ್ರೇಸ್ ಹಚ್ಚಿದರೆ ಅದು ಇನ್ನಷ್ಟು ನಿಧಾನವಾಗುತ್ತದೆ. ಮಲಗಿರುವುದಕ್ಕೆ ಹಚ್ಚುವುದರಲ್ಲಿ ಅಪಾಯ ಕಡಿಮೆ.

ಸರ್ವರ್ ಜಾವಾದಲ್ಲಿ ಬರೆದದ್ದಾದರೆ (ಗೆರಿಟ್ ಇಂಥದ್ದು) ಎಸ್‌ಟ್ರೇಸ್‌ನಿಂದ ಹೆಚ್ಚು ತಿಳಿಯದು. ‘ಜೆಸ್ಟ್ಯಾಕ್’ ಮೂರು ಸಲ, ಹತ್ತು ಹತ್ತು ಸೆಕೆಂಡು ಬಿಟ್ಟು ತೆಗೆಯಿರಿ. ಮೂರರಲ್ಲೂ ಒಂದೇ ಸಾಲಿನಲ್ಲಿ ಕೂತಿರುವ ಥ್ರೆಡ್‌ಗಳೇ ಬೇಕಾದವು. ಗಾರ್ಬೇಜ್ ಕಲೆಕ್ಷನ್ ಲಾಗಿನಲ್ಲಿ ಹಲವು ಸೆಕೆಂಡಿನ ವಿರಾಮ ಇದ್ದರೆ ಹೀಪ್ ಸಾಲುತ್ತಿಲ್ಲ.

## ಹಂತ 8: ಡಿಸ್ಕ್ ಮತ್ತು ಮೆಮೊರಿ

‘ಐಒಸ್ಟ್ಯಾಟ್ -ಎಕ್ಸ್ 1’ನಲ್ಲಿ ಅವೇಟ್ ಕಾಲಂ (ಒಂದು ಓದು-ಬರಹಕ್ಕೆ ಹಿಡಿದ ಸರಾಸರಿ ಸಮಯ) ನೋಡಿ. ಎಸ್ಎಸ್‌ಡಿಯಲ್ಲಿ ಅದು ಒಂದೆರಡು ಮಿಲಿಸೆಕೆಂಡಿನ ಒಳಗಿರಬೇಕು. ಹ್ಯಾಂಗ್ ಹೊತ್ತಿನಲ್ಲಿ ನೂರಾರು ಆದರೆ ಕಾರಣ ಸಿಕ್ಕಿತು. ಬಾಡಿಗೆ ವರ್ಚುವಲ್ ಡಿಸ್ಕ್‌ಗಳಲ್ಲಿ ಕೆಲವಕ್ಕೆ ಓದು-ಬರಹದ ಉಳಿತಾಯ ಖಾತೆ ಇರುತ್ತದೆ. ಅದು ಬರಿದಾದಾಗ ಡಿಸ್ಕ್ ದಿಢೀರನೆ ಆಮೆಯಾಗಿ, ಖಾತೆ ತುಂಬಿದ ಮೇಲೆ ತಾನೇ ಸರಿಹೋಗುತ್ತದೆ. ಕರ್ನಲ್ 4.20 ಅಥವಾ ಮುಂದಿನದಾದರೆ /ಪ್ರಾಕ್/ಪ್ರೆಶರ್/ಐಒ ಫೈಲನ್ನು ನಿಮಿಷಕ್ಕೊಮ್ಮೆ ದಾಖಲಿಸಿ. ಪ್ರೊಸೆಸ್‌ಗಳು ಡಿಸ್ಕಿಗೆ ಕಾದ ಪ್ರಮಾಣ ನೇರವಾಗಿ ಅಲ್ಲಿದೆ.

ಮೆಮೊರಿ ಕಡೆ: ಪ್ಯಾಕ್-ಆಬ್ಜೆಕ್ಟ್ಸ್ (ಪ್ಯಾಕ್ ಕಟ್ಟುವ ಪ್ರೋಗ್ರಾಂ) ಡೀಫಾಲ್ಟ್ ಆಗಿ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ, ಡೆಲ್ಟಾ ವಿಂಡೋ ಮೆಮೊರಿಗೆ ಮಿತಿಯಿಲ್ಲ. 16 ಕೋರ್ ಸರ್ವರ್‌ನಲ್ಲಿ ಎಂಟು ಕ್ಲೋನ್ ಒಟ್ಟಿಗೆ ಬಂದರೆ 128 ಥ್ರೆಡ್. ಸ್ವಾಪ್ ಶುರುವಾದರೆ ಎಲ್ಲರೂ ನಿಲ್ಲುತ್ತಾರೆ. ‘ಪ್ಯಾಕ್ ಥ್ರೆಡ್ಸ್’ 2, ‘ಪ್ಯಾಕ್ ವಿಂಡೋ ಮೆಮೊರಿ’ 256 ಎಂಬಿ ಎಂದಿಟ್ಟು ನೋಡಿ. ಈ ಮಿತಿ ಪ್ರತಿ ಥ್ರೆಡ್‌ಗೆ ಎಂಬುದು ಲೆಕ್ಕದಲ್ಲಿರಲಿ.

## ಹಂತ 9: ರೆಪೊದ ಆರೋಗ್ಯ

ಹ್ಯಾಂಗ್ ಒಂದೇ ರೆಪೊಗೆ ಸೀಮಿತವಾಗಿದ್ದರೆ ಅಲ್ಲಿ ‘ಗಿಟ್ ಕೌಂಟ್-ಆಬ್ಜೆಕ್ಟ್ಸ್ -ವಿ’ ಕೊಡಿ. ಬಿಡಿ ಆಬ್ಜೆಕ್ಟ್‌ಗಳು ಸುಮಾರು 6,700 ದಾಟಿದರೆ ಅಥವಾ ಪ್ಯಾಕ್‌ಗಳು 50 ದಾಟಿದರೆ ಪುಶ್ ಮುಗಿದ ಮೇಲೆ ಆಟೋ ಜಿಸಿ (ರೆಪೊವನ್ನು ತಾನಾಗಿ ಒಪ್ಪಗೊಳಿಸುವ ಕೆಲಸ) ಏಳುತ್ತದೆ. ದೊಡ್ಡ ರೆಪೊದಲ್ಲಿ ಅದು ಎದ್ದಾಗ ಅದೇ ಡಿಸ್ಕಿನ ಮೇಲಿರುವ ಬೇರೆ ರೆಪೊಗಳಿಗೂ ಉಸಿರುಗಟ್ಟುತ್ತದೆ. ‘ರಿಸೀವ್ ಆಟೋಜಿಸಿ’ ಫಾಲ್ಸ್ ಮಾಡಿ, ಜನ ಇಲ್ಲದ ಹೊತ್ತಿಗೆ ‘ಗಿಟ್ ರೀಪ್ಯಾಕ್ -ಎ -ಡಿ -ಬಿ’ ನಿಗದಿಪಡಿಸಿ. ಆಟೋ ಜಿಸಿ ಮುಚ್ಚಿ ನಿಗದಿಪಡಿಸಲು ಮರೆತರೆ ಎರಡು ತಿಂಗಳಿಗೆ ಇದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ವಾಪಸ್ ಬರುತ್ತೀರಿ. ‘-ಬಿ’ ಬಿಟ್‌ಮ್ಯಾಪ್ (ಆಬ್ಜೆಕ್ಟ್‌ಗಳ ಸಿದ್ಧ ಸೂಚಿ) ಬರೆಯುತ್ತದೆ. ಅದಿದ್ದರೆ ಕ್ಲೋನ್ ವೇಳೆಯ ‘ಕೌಂಟಿಂಗ್ ಆಬ್ಜೆಕ್ಟ್ಸ್’ ಹಂತ ಬಹುಪಾಲು ಕರಗಿಹೋಗುತ್ತದೆ.

ರೆಪೊದಲ್ಲಿ ‘ಜಿಸಿ ಲಾಗ್’ ಫೈಲ್ ಬಿದ್ದಿದ್ದರೆ ತೆರೆದು ಓದಿ. ಹಿಂದಿನ ಜಿಸಿ ಸೋತಿದೆ. ಆ ಫೈಲ್ ಇರುವವರೆಗೆ, ಒಂದು ದಿನದ ಮಟ್ಟಿಗೆ, ಆಟೋ ಜಿಸಿ ಏಳುವುದಿಲ್ಲ.

ಹತ್ತಾರು ಸಾವಿರ ರೆಫ್ ಇರುವ ರೆಪೊದಲ್ಲಿ ಪ್ರೋಟೋಕಾಲ್ ಆವೃತ್ತಿ 2 ನಿಜಕ್ಕೂ ನಡೆಯುತ್ತಿದೆಯೇ ನೋಡಿ. ಗಿಟ್ 2.26ರಿಂದ ಕ್ಲೈಂಟ್ ಅದನ್ನೇ ಕೇಳುತ್ತದೆ. ಆದರೆ ಎಸ್ಎಸ್ಎಚ್ ಡೀಮನ್‌ನ ಆಕ್ಸೆಪ್ಟ್‌ಎನ್ವ್ ಪಟ್ಟಿಯಲ್ಲಿ ‘ಗಿಟ್_ಪ್ರೋಟೋಕಾಲ್’ ಇಲ್ಲದಿದ್ದರೆ ಸರ್ವರ್‌ಗೆ ಅದು ಕೇಳಿಸುವುದೇ ಇಲ್ಲ. ಹಳೆಯ ಪದ್ಧತಿಯಂತೆ ಪ್ರತಿ ಫೆಚ್‌ಗೂ ಇಡೀ ರೆಫ್ ಪಟ್ಟಿ ಹರಿದುಬರುತ್ತದೆ. ಎಚ್‌ಟಿಟಿಪಿಯಲ್ಲೂ ಇದೇ ಹೆಸರಿನ ವೇರಿಯಬಲ್‌ಗೆ ‘ಗಿಟ್-ಪ್ರೋಟೋಕಾಲ್’ ಹೆಡರ್‌ನ ಬೆಲೆಯನ್ನು ದಾಟಿಸಬೇಕು.

ಬೇರೆ ವ್ಯವಸ್ಥೆಗಳವರಿಗೆ ಒಂದು ಮಾತು. ಮರ್ಕ್ಯೂರಿಯಲ್‌ನಲ್ಲಿ ಲಾಕ್‌ಗೆ ಕಾಯುವ ಮಿತಿ 600 ಸೆಕೆಂಡು, ಹಾಗಾಗಿ ಹತ್ತು ನಿಮಿಷದ ಹ್ಯಾಂಗ್ ಎಂದರೆ ಲಾಕ್ ಎಂದೇ ತಿಳಿಯಿರಿ. ಲಾಕ್‌ನಲ್ಲಿ ಯಂತ್ರದ ಹೆಸರೂ ಪಿಐಡಿಯೂ ಇರುತ್ತವೆ. ಗಿಟ್‌ನಲ್ಲಿ ರೆಫ್ ಲಾಕ್‌ಗೆ ಕಾಯುವುದು 100 ಮಿಲಿಸೆಕೆಂಡು, ಪ್ಯಾಕ್ಡ್-ರೆಫ್ಸ್‌ಗೆ 1 ಸೆಕೆಂಡು. ಅಲ್ಲಿ ಲಾಕ್ ಎಂದರೆ ದೋಷಸಂದೇಶ, ಹ್ಯಾಂಗ್ ಅಲ್ಲ. ಲಾಕ್ ಫೈಲ್ ಅಳಿಸುವ ಚಪಲ ಬೇಡ.

## ಹಂತ 10: ಹುಕ್‌ಗಳು

ಪುಶ್ ಮಾತ್ರ ನಿಲ್ಲುತ್ತದೆ, ಫೆಚ್ ಎಂದೂ ಇಲ್ಲ ಎಂದರೆ ಮೊದಲು ಇಲ್ಲಿಗೇ ಬನ್ನಿ. ಪೋಸ್ಟ್-ರಿಸೀವ್ ಹುಕ್ ಓಡುವ ಹೊತ್ತಿಗೆ ರೆಫ್ ಬದಲಾಗಿಬಿಟ್ಟಿರುತ್ತದೆ, ಆದರೂ ಹುಕ್ ಮುಗಿಯುವವರೆಗೆ ಕ್ಲೈಂಟ್ ಕಾಯುತ್ತದೆ. ನಿಂತ ಪುಶ್ಶನ್ನು ಕತ್ತರಿಸಿ ಮತ್ತೆ ಕೊಟ್ಟಾಗ ‘ಎವ್ರಿಥಿಂಗ್ ಅಪ್-ಟು-ಡೇಟ್’ ಎಂದು ಬಂದರೆ ಪೋಸ್ಟ್-ರಿಸೀವ್ ಸಿಕ್ಕಿಬಿದ್ದಂತೆಯೇ.

ಹೊರಗಿನ ಸೇವೆಗೆ ಸುದ್ದಿ ಮುಟ್ಟಿಸುವ ಕರ್ಲ್ ಕರೆಗೆ ಸಮಯದ ಮಿತಿ ಇಲ್ಲದಿರುವುದೇ ಹೆಚ್ಚಿನ ಕಡೆ ಕಾರಣ. ‘ಕನೆಕ್ಟ್-ಟೈಮ್‌ಔಟ್ 2’, ‘ಮ್ಯಾಕ್ಸ್-ಟೈಮ್ 5’ ಎರಡನ್ನೂ ಹಾಕಿ. ಮೊದಲನೆಯದೊಂದೇ ಸಾಲದು: ಸಂಪರ್ಕ ಸಿಕ್ಕಿ ಉತ್ತರ ಬಾರದಿದ್ದರೆ ಅದು ಕಾಪಾಡುವುದಿಲ್ಲ.

ಕೆಲವರು ಕರ್ಲ್ ಸಾಲಿನ ಕೊನೆಗೆ ಆಂಪರ್ಸ್ಯಾಂಡ್ ಹಾಕಿ ‘ಹಿನ್ನೆಲೆಗೆ ಕಳಿಸಿದೆ’ ಎನ್ನುತ್ತಾರೆ. ಹುಕ್ ಮುಗಿಯುತ್ತದೆ, ಹ್ಯಾಂಗ್ ಮಾತ್ರ ಹೋಗುವುದಿಲ್ಲ. ಏಕೆಂದರೆ ಹಿನ್ನೆಲೆಯ ಕರ್ಲ್ ಇನ್ನೂ ಹುಕ್‌ನ ಸ್ಟ್ಯಾಂಡರ್ಡ್ ಔಟ್‌ಪುಟ್, ಎರರ್ ಎರಡರ ತುದಿಯನ್ನೂ ಹಿಡಿದಿದೆ. ಆ ಪೈಪ್ ಮುಚ್ಚುವವರೆಗೆ ರಿಸೀವ್-ಪ್ಯಾಕ್ ಓದುತ್ತಲೇ ಇರುತ್ತದೆ. ಇನ್‌ಪುಟ್, ಔಟ್‌ಪುಟ್, ಎರರ್ ಮೂರನ್ನೂ /ಡೆವ್/ನಲ್‌ಗೆ ತಿರುಗಿಸಿದ ಮೇಲೆ ಆಂಪರ್ಸ್ಯಾಂಡ್ ಹಾಕಬೇಕು. ಇನ್ನೂ ಒಳ್ಳೆಯದು, ಹುಕ್ ಒಂದು ಸಾಲನ್ನು ಸ್ಪೂಲ್ ಫೈಲಿಗೆ ಬರೆದು ಹೊರಬರಲಿ. ಕಳಿಸುವ ಕೆಲಸ ಬೇರೊಂದು ಸೇವೆಯದಾಗಲಿ.

## ಹಂತ 11: ಒಂದೊಂದೇ ಬದಲಿಸಿ, ಕಾದು ನೋಡಿ

ಒಮ್ಮೆಗೆ ಒಂದೇ ಬದಲಾವಣೆ. ಮೂರು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿ ಹ್ಯಾಂಗ್ ನಿಂತರೆ ಯಾವುದರಿಂದ ನಿಂತಿತು ತಿಳಿಯುವುದಿಲ್ಲ, ಆರು ತಿಂಗಳ ಮೇಲೆ ಮತ್ತೆ ಬಂದಾಗ ಮೂರನ್ನೂ ಮತ್ತೆ ಹುಡುಕಬೇಕು.

ಎಷ್ಟು ದಿನ ಕಾಯಬೇಕು ಎಂಬುದಕ್ಕೆ ಕಾವಲುಗಾರನ ಫೈಲಿನಲ್ಲೇ ಉತ್ತರವಿದೆ. ಎರಡು ಹ್ಯಾಂಗ್ ನಡುವಿನ ಅತಿ ದೊಡ್ಡ ಅಂತರ ಎರಡು ದಿನವಾಗಿದ್ದರೆ ಕನಿಷ್ಠ ಆರು ದಿನ ಶುದ್ಧವಾಗಿ ಕಳೆಯಲಿ. ವಾರಾಂತ್ಯವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹೊರೆಯೇ ಇಲ್ಲದ ದಿನ ಯಾವ ಸರ್ವರ್ ತಾನೇ ಹ್ಯಾಂಗ್ ಆದೀತು.

ಹುಡುಕಾಟದಲ್ಲಿ ಸೇರಿಸಿದ ಟ್ರೇಸ್ ವೇರಿಯಬಲ್‌ಗಳನ್ನೂ ಪ್ರಯೋಜನಕ್ಕೆ ಬಾರದ ಸೆಟ್ಟಿಂಗ್‌ಗಳನ್ನೂ ತೆಗೆದುಹಾಕಿ. ಎಸ್ಎಸ್ಎಚ್ ಡೀಮನ್‌ನ ಲಾಗ್ ಮಟ್ಟವನ್ನು ಡೀಬಗ್‌ಗೆ ಏರಿಸಿದ್ದರೆ ಇಳಿಸಿ. ಬಿಟ್ಟರೆ ಕೆಲವೇ ವಾರಗಳಲ್ಲಿ ಲಾಗ್ ಡಿಸ್ಕ್ ತುಂಬಿ, ಹೊಸದೊಂದು ಹ್ಯಾಂಗ್ ಹುಟ್ಟುತ್ತದೆ. ಕಾವಲುಗಾರ ಮಾತ್ರ ಇರಲಿ, 30 ಸೆಕೆಂಡಿನ ಬದಲು 5 ನಿಮಿಷಕ್ಕೊಮ್ಮೆ.